ಅಕ್ಕೋರು ದಾಟಿಸದ ಪಾಠ

ಗಂಡಸರಂತೆ ದಪ್ಪ ದನಿ, ಸೊಂಟಕ್ಕೆ ಬಿಗಿದು ಸಿಕ್ಕಿಸಿದ ಸೆರಗು, ಮೊಣಕೈವರೆಗೂ ಸುಣ್ಣದಕಡ್ಡಿಯ ಪುಡಿ. ನಮ್ಮ ವಿಜ್ಞಾನದ ಅಕ್ಕೋರು ಘಟಪ್ರಭಾದಿಂದ ಬಸ್ಸಿನಲ್ಲಿ ಬಂದಿಳಿದರೆ ಸಾಲೆಗೆಲ್ಲ ಗೊತ್ತಾಗುತ್ತಿತ್ತು. ಅವರಿಗಿಂತ ಮೊದಲಿದ್ದ ಮಾಸ್ತರರು ದೇಹದ ಬೆಳವಣಿಗೆಯ ಪಾಠ ಬಂದಾಗಲೆಲ್ಲ "ಮನ್ಯಾಗ ಓದ್ಕೋರಿ" ಎಂದು ಪುಟ ದಾಟಿಸುತ್ತಿದ್ದರಂತೆ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಲಂಗ ಕೆಂಪಾಯಿತು. ಏನೋ ದೊಡ್ಡ ರೋಗ ಬಂತೆಂದು ಮೂಲೆ ಹಿಡಿದು ಕುಳಿತಿದ್ದ ನನ್ನನ್ನು ಅಕ್ಕೋರು ತಮ್ಮ ಕೋಣೆಗೆ ಕರೆದೊಯ್ದರು.

"ಅಂಜಬ್ಯಾಡವಾ. ಇದು ರೋಗ ಅಲ್ಲ. ನಿನ್ನ ಮೈ ಬೆಳ್ಯಾಕತ್ತೇತಿ, ಅಷ್ಟ."

ಮರುದಿನವೇ ಹುಡುಗರು, ಹುಡುಗಿಯರನ್ನು ಒಟ್ಟಿಗೆ ಕೂಡಿಸಿ, ಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು ಪಾಠ ಮಾಡಿದರು. ಸುದ್ದಿ ಊರಿಗೆ ಮುಟ್ಟಿತು. ನಾಲ್ಕು ಮಂದಿಯನ್ನು ಕಟ್ಟಿಕೊಂಡು ನಮ್ಮಪ್ಪನೇ ಸಾಲೆಗೆ ಬಂದ.

"ಹಿಂತಾವೆಲ್ಲ ಕಲಿಸಿದ್ರ ಹುಡುಗೂರು ಕೆಡ್ತಾವ್ರಿ ಅಕ್ಕೋರ. ಬಂದ್ ಮಾಡ್ರಿ."

ಅಕ್ಕೋರು ಸಿಟ್ಟಾಗಲಿಲ್ಲ. "ನಾಳಿ ನಿಮ್ಮ ಮನಿ ಹೆಣ್ಮಕ್ಕಳನ್ನ ಕಳಸ್ರಿ. ಅವರ ಮುಂದ ಇದ ಪಾಠ ಮಾಡ್ತೇನಿ. ಅವರು ಬ್ಯಾಡ ಅಂದ್ರ ಬಿಡ್ತೇನಿ" ಎಂದರು.

ಮರುದಿನ ತಾಯಂದಿರು ಬಂದು ನೆಲದ ಮೇಲೆ ಕುಳಿತರು. ಗಂಡಸರು ಬಾಗಿಲಲ್ಲಿ ನಿಂತರು. ಪಾಠ ಮುಗಿಯಿತು. ಮೊದಲು ಎದ್ದು ನಿಂತವಳು ನಮ್ಮಪ್ಪನ ಅವ್ವ, ಜೀವನವೆಲ್ಲ ಕುರಿ ಕಾಯ್ದ ನಮ್ಮ ಆಯಿ.

"ನನಗ ಮೊದಲ ಸಲ ಹಿಂಗಾದಾಗ, ಸಾಯಾಕತ್ತೇನಿ ಅಂತ ತಿಳದು ಕುರಿಹಟ್ಟ್ಯಾಗ ಅಡಗಿ ಕುಂತಿದ್ನಿ. ಯಾರೂ ಒಂದು ಮಾತು ಹೇಳಿದ್ದಿಲ್ರಿ" ಎಂದವಳು ಬಾಗಿಲಲ್ಲಿದ್ದ ಮಗನ ಕಡೆ ತಿರುಗಿದಳು. "ಏ ತಮ್ಮಾ, ಈ ಪಾಠ ಇನ್ನ ಮುಂದನೂ ನಡೀತೈತಿ. ನೀ ಹೊಲಕ್ಕ ನಡಿ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಪ್ಪ ತಲೆ ಕೆರೆದುಕೊಂಡು ಹೊರಟೇಬಿಟ್ಟ. ಆಮೇಲೆ ಮುಟ್ಟಿನ ದಿನಗಳಲ್ಲೂ ನಾವು ಹುಡುಗಿಯರು ಸಾಲೆ ತಪ್ಪಿಸಲಿಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅದಕ್ಕೂ ಕೆಲವು ತಿಂಗಳ ಮೊದಲು, ಮೂಡಲಗಿಯ ಹತ್ತಿರ ನಾನು ಕಲಿಸುವ ಸಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಪಾಠ ಕೇಳಿದ್ದರು. ಅಂದು ಒಬ್ಬ ಹುಡುಗ ಕೈಯೆತ್ತಿ, "ಟೀಚರ್, ಮುಟ್ಟಾದಾಗ ನಮ್ಮಕ್ಕಗ ಹೊಟ್ಟಿ ಭಾಳ ನೋಯ್ತೈತ್ರಿ. ನಾ ಏನ್ ಮಾಡ್ಲಿ?" ಎಂದು ಕೇಳಿದ. ಬಿಸಿನೀರಿನ ಶಾಖ ಕೊಡುವುದನ್ನು ಹೇಳಿದೆ. ನೋವು ತಡೆಯಲಾಗದಿದ್ದರೆ ದವಾಖಾನೆಗೆ ಕರೆದೊಯ್ಯಬೇಕೆಂದೆ. ಅವನು ತಲೆಯಾಡಿಸಿ ಕುಳಿತ.

ಪಾಠ ಮುಗಿಸಿ ಹೊರಬಂದಾಗ ಅಕ್ಕೋರು ಅಂಗಳದ ನಡುವೆಯೇ ನನ್ನ ಎರಡೂ ಕೈ ಹಿಡಿದರು.

"ಗೆದ್ದ್ವಿ ನೋಡವಾ!" ಎಂದರು, ಇಡೀ ಸಾಲೆಗೆ ಕೇಳುವಂತೆ.