ಹಿಂದೆ ನಿಂತವರು

ಫುಟ್‌ಬಾಲ್ ತಂಡದಲ್ಲಿ ನನಗೆ ಜಾಗ ಸಿಕ್ಕಿದ್ದು ಜನ ಸಾಲದೆ ಹೋದದ್ದರಿಂದ. ಪ್ರತಿ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಡೆಟ್ರಾಯಿಟ್ ಕಡೆಯ ಕನ್ನಡಿಗರಿಗೂ ಶಿಕಾಗೋ ಕಡೆಯವರಿಗೂ ಒಂದು ಪಂದ್ಯ ನಡೆಯುತ್ತದೆ. ಆ ವರ್ಷ ಅವರು ಶಿಕಾಗೋ ಪಕ್ಕದ ಲೊಂಬಾರ್ಡಿನಿಂದ ಕಾರು ಓಡಿಸಿಕೊಂಡು ನಮ್ಮ ಸೌತ್‌ಫೀಲ್ಡಿಗೆ ಬರುವವರಿದ್ದರು. ನಮ್ಮ ತಂಡದ ಕ್ಯಾಪ್ಟನ್ ಇಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ನನ್ನ ಗಂಡನನ್ನು ಆಟಕ್ಕೆ ಕರೆಯಲು ಮನೆಗೆ ಬಂದಳು. ದಿನವೂ ಡಿಯರ್‌ಬಾರ್ನ್‌ನ ಆಫೀಸಿಗೆ ಡ್ರೈವ್ ಮಾಡಿ ಮಾಡಿ ಅವರಿಗೆ ಸೊಂಟನೋವು.

"ನಾನ್ ಬರ್ತೀನಿ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಓಕೆ ಆಂಟಿ. ಜಸ್ಟ್ ಸ್ಟ್ಯಾಂಡ್ ಅಟ್ ದ ಬ್ಯಾಕ್."

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೆಂದು ಅಂದು ತಿಳಿಯಿತು. ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನಾನು ಹಿತ್ತಲಿಗೆ ಹೋಗಿ ಮೆಂತ್ಯದ ಪಾತಿಯ ಕಳೆ ಕೀಳುತ್ತೇನೆ. ಅಂದು ಕಳೆಯ ಜೊತೆ ಮೆಂತ್ಯವೂ ಕಿತ್ತು ಬಂತು. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜ ಏನಾಯಿತೆಂದು ಕೇಳಿದರು. ಎಂಬತ್ತು ದಾಟಿದ ಅವರು ವಿಯೆನ್ನಾದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಪ್ಪ ಅಮ್ಮನ ಕೈಹಿಡಿದು ಡೆಟ್ರಾಯಿಟಿಗೆ ಬಂದವರು. ತಂಡದಲ್ಲಿ ನನ್ನನ್ನು ಹಿಂದೆ ನಿಲ್ಲಿಸಿದ್ದಾರೆ ಎಂದು ದೂರಿದೆ. ಸಮಾಧಾನ ಹೇಳುವುದು ಬಿಟ್ಟು ಅಜ್ಜ ಮುಖ ಅರಳಿಸಿ, ಅದು ನಮ್ಮಪ್ಪನ ಜಾಗ ಎಂದರು.

ಆ ವಾರವೆಲ್ಲ ಸಂಜೆ ಬೇಲಿಯ ಬಳಿ ಅವರ ಅಪ್ಪನ ಕಥೆಯೇ. ಎರಡು ಮಹಾಯುದ್ಧಗಳ ನಡುವೆ ಆತ ವಿಯೆನ್ನಾದ ಒಂದು ಕ್ಲಬ್ಬಿನಲ್ಲಿ ಡಿಫೆಂಡರ್ ಆಗಿದ್ದನಂತೆ. ಸೇರುವಾಗ ಅವನಿಗೂ ಗೋಲು ಹೊಡೆಯುವ ಆಸೆ. ಓಟ ನಿಧಾನವೆಂದು ಹಿಂದಕ್ಕೆ ಕಳಿಸಿದರು. ಅಲ್ಲೇ ಬೇರು ಬಿಟ್ಟ. ಆಗಿನ ಆಟದಲ್ಲಿ ಗೋಲು ಹೊಡೆಯಲು ಮುಂದೆ ಐದು ಜನ, ತಡೆಯಲು ಹಿಂದೆ ಇಬ್ಬರೇ. ನಮ್ಮ ಮದುವೆ ಮನೆಗಳಲ್ಲೂ ಸಲಹೆ ಕೊಡಲು ಐದು ಜನ, ಪಾತ್ರೆ ಎತ್ತಲು ಇಬ್ಬರು ತಾನೆ. ದಾರ ಕಟ್ಟಿದ ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ರುಬ್ಬುಗುಂಡಿನಷ್ಟು ಭಾರ. ಅದನ್ನು ತಲೆಯಿಂದ ಗುದ್ದಿ ಗುದ್ದಿ ಹಣೆಯ ಮೇಲೆ ನೆಟ್ಟಗೊಂದು ಗಾಯದ ಗುರುತು ಉಳಿದಿತ್ತಂತೆ. ಆತ ಮೇಲುಕೋಟೆಗೇನಾದರೂ ಹೋಗಿದ್ದರೆ ಜನ ನಾಮವೆಂದು ಕೈಮುಗಿಯುತ್ತಿದ್ದರು.

ದೇಶದ ತಂಡಕ್ಕೂ ಒಮ್ಮೆ ಕರೆ ಬಂತು. ರೈಲಿನಲ್ಲಿ ಪರದೇಶಕ್ಕೆ ಹೋಗಿ, ಇಡೀ ಪಂದ್ಯ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕುಳಿತು, ನೆಗಡಿ ಹತ್ತಿಸಿಕೊಂಡು ಬಂದ. ಇಡೀ ಜೀವನದಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಕೊನೆಗೆ ಡೆಟ್ರಾಯಿಟಿನ ಕಾರು ಕಾರ್ಖಾನೆಯಲ್ಲೂ ಹಿಂಬಾಗಿಲು ಜೋಡಿಸುವ ಕೆಲಸವೇ ಸಿಕ್ಕಿತಂತೆ.

ಅಜ್ಜನ ಮನೆಯ ಹಾಲ್‌ನಲ್ಲಿ ಫ್ರೇಮು ಹಾಕಿದ ಒಂದು ಫೋಟೋ ಇದೆ. ಗೋಲು ಹೊಡೆದ ಯಾರೋ ಕುಣಿಯುತ್ತಿದ್ದಾನೆ. ಫೋಟೋದ ಅಂಚಿನಲ್ಲಿ ಕಾಣುವ ಮೊಣಕೈ ಅಪ್ಪನದು. ಅಪ್ಪ ಆಡಿದ ಕಾಲದ್ದೆಂದು ಉಳಿದಿರುವುದು ಅದೊಂದೇ. ನೋಡಿ ನನಗೆ ಸಂಕಟವಾಯಿತು. ಗೋಲು ಬಿದ್ದರೆ ಸುದ್ದಿ, ಬೀಳದಂತೆ ತಡೆದರೆ ಏನೂ ಆಗಿಲ್ಲವೆಂದೇ ಲೆಕ್ಕ. ಸಾರು ಉಕ್ಕದಂತೆ ನೋಡಿಕೊಂಡವಳ ಹೆಸರನ್ನು ನಮ್ಮ ಮನೆಯಲ್ಲೂ ಯಾರೂ ಎತ್ತಿಲ್ಲ.

ಅಪ್ಪನ ಜೋಡಿ ಡಿಫೆಂಡರಿಗೂ ಅಪ್ಪನಿಗೂ ಮಾತಿರಲಿಲ್ಲ. ಕಾಫಿ ಕ್ಲಬ್ಬಿನಲ್ಲಿ ತನ್ನ ಟೋಪಿಯನ್ನು ಅವನು ಹಾಕಿಕೊಂಡು ಹೋದನೆಂದು ಇವನು, ಇವನೇ ಹಾಕಿಕೊಂಡು ಹೋದನೆಂದು ಅವನು. ವರ್ಷಗಟ್ಟಲೆ ಇಬ್ಬರೂ ಆಡಿದ್ದು ಒಂದೇ ಮಾತು, ಅದೂ ಮೈದಾನದಲ್ಲಿ: "ನನ್ನದು." ಮೊದಲು ಕೂಗಿದವನದು ಚೆಂಡು, ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಅವನ ಹಿಂದೆ ಕಾವಲು. ಅವರನ್ನು ದಾಟಿ ಹೋಗುವುದು ಯಾರಿಗೂ ಸುಲಭವಾಗಿರಲಿಲ್ಲ. ಆಮೇಲೆ ಯಾರದೋ ಮದುವೆಯಲ್ಲಿ ಇಬ್ಬರೂ ರಾಜಿಯಾದರು. ಮುಂದಿನ ಪಂದ್ಯದಲ್ಲಿ ಹೊಸ ಪ್ರೀತಿ ಉಕ್ಕಿ, ಅವನು ಹೊಡೆಯಲಿ ಎಂದು ಇವನೂ ಇವನು ಹೊಡೆಯಲಿ ಎಂದು ಅವನೂ ಚೆಂಡು ಬಿಟ್ಟರು. ನಡುವೆ ಗೋಲು. ಕ್ಲಬ್ಬು ಇಬ್ಬರನ್ನೂ ಮನೆಗೆ ಕಳಿಸಿತು.

"ನೀನು ಕೂಗಬೇಕು," ಎಂದರು ಅಜ್ಜ. ಅದೇನು ಮಹಾ ಎಂದುಕೊಂಡೆ.

ಪಂದ್ಯದ ದಿನ ನನ್ನ ಜೋಡಿಯಾಗಿ ಬಂದು ನಿಂತವರು ನಮ್ಮ ಸಂಘದ ಅತಿ ಹಿರಿಯ ಅಂಕಲ್. ಮೈಸೂರಿನವರು, ಮಾತೆತ್ತಿದರೆ ಮರ್ಯಾದೆ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ತಮ್ಮ ಮನೆಯಲ್ಲಿ ಇಟ್ಟುಕೊಂಡು ಅನ್ನ ಹಾಕಿದವರು. ಅಜ್ಜ ಮಡಚುವ ಕುರ್ಚಿ ತಂದು, ಟೋಪಿ ಹಾಕಿಕೊಂಡು, ಗೆರೆಯ ಪಕ್ಕದಲ್ಲೇ ಕುಳಿತರು.

ಮೊದಲರ್ಧದಲ್ಲಿ ಚೆಂಡು ಉರುಳುತ್ತ ನಮ್ಮಿಬ್ಬರ ನಡುವೆ ಬಂತು. ಅಂಕಲ್ ನಿಂತರು. ನಾನೂ ನಿಂತೆ.

"ನೀವು ತಗೊಳ್ಳಿ ಅಂಕಲ್."

"ಪರವಾಗಿಲ್ಲ, ನೀವೇ ತಗೊಳ್ರಮ್ಮಾ."

"ಅಯ್ಯೋ, ನೀವಿರುವಾಗ ನಾನಾ?"

ಲೊಂಬಾರ್ಡಿನವನೊಬ್ಬ ನಮ್ಮ ನಡುವೆಯೇ ಹಾದು ಹೋಗಿ ಗೋಲು ಹೊಡೆದ. ಹಿಂದಿರುಗುವಾಗ "ಥ್ಯಾಂಕ್ಸ್ ಆಂಟಿ" ಎಂದೂ ಹೇಳಿದ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ; ಇಬ್ಬರ ಮರ್ಯಾದೆಯೂ ಅಷ್ಟೇ.

ಕ್ಯಾಪ್ಟನ್ ಓಡಿ ಬಂದಳು. "ಒನ್ ಮೋರ್ ಲೈಕ್ ದಟ್ ಆಂಟಿ, ಆಂಡ್ ಯು ಆರ್ ಆಫ್." ಹೇಳಿದ್ದು ನನಗೆ ಮಾತ್ರ. ಅಂಕಲ್‌ಗೆ ಹೇಳಲು ಅವಳಿಗೂ ಬಾಯಿ ಬರಲಿಲ್ಲ. ನನಗೆ ಅಳುವೇ ಬಂತು. ಆ ಮೂಲೆಯ ಜಾಗ ಇಷ್ಟು ಬೇಕೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

ಬಿಡುವಿನಲ್ಲಿ ಅಜ್ಜ ಕೇಳಿದರು, ನಿಮ್ಮ ಭಾಷೆಯಲ್ಲಿ ಆ ಮಾತು ಇಲ್ಲವೇ ಎಂದು. "ಇದೆ. 'ನಂದು' ಅಂತೀವಿ. ದೊಡ್ಡವರ ಮುಂದೆ ಅನ್ನಲ್ಲ," ಎಂದೆ. ಅಜ್ಜ ಅದನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿ ನೋಡಿದರು.

ಎರಡನೆಯ ಅರ್ಧದಲ್ಲಿ ಕ್ಯಾಪ್ಟನ್ ಗೋಲು ಹೊಡೆದು ಸಮ ಮಾಡಿದಳು. ಎಲ್ಲರ ಫೋನುಗಳೂ ಅವಳ ಕಡೆ ತಿರುಗಿದವು. ಪಂದ್ಯ ಮುಗಿಯುವ ಹೊತ್ತಿಗೆ ಚೆಂಡು ಮತ್ತೆ ನಮ್ಮ ನಡುವೆ ಬಿತ್ತು, ಹಿಂದೆಯೇ ಆ ಥ್ಯಾಂಕ್ಸ್ ಹೇಳಿದವನು. ಅಂಕಲ್ ಆಗಲೇ "ನೀವೇ" ಎಂದು ಬಾಯಿ ತೆರೆದಿದ್ದರು.

"ನಂದು!"

ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಒಲೆಯ ಹತ್ತಿರ ಬಿಸಿಬೇಳೆಬಾತ್ ತಿರುವುತ್ತಿದ್ದ ಹೆಂಗಸರೂ ತಿರುಗಿ ನೋಡಿದರು. ಅಂಕಲ್ ಕಲ್ಲಾಗಿ ನಿಂತರು. ಕಣ್ಣು ಮುಚ್ಚಿ ಒದ್ದೆ. ಚೆಂಡು ಪಾರ್ಕಿಂಗ್ ಲಾಟಿಗೆ ಹೋಯಿತು, ಹಿಂದೆಯೇ ನನ್ನ ಶೂ ಕೂಡ. ಪಂದ್ಯ ಸಮವಾಗಿ ಮುಗಿಯಿತು. ಏನೂ ಆಗದ್ದರಿಂದ ಯಾರೂ ಫೋಟೋ ತೆಗೆಯಲಿಲ್ಲ. ಅಜ್ಜ ಮಾತ್ರ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಟೋಪಿ ತೆಗೆದು ಹಿಡಿದು ನಿಂತಿದ್ದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಊಟದ ಸಾಲಿನಲ್ಲಿ ಅಂಕಲ್ ನನ್ನ ಮುಂದಿದ್ದರು. ಮುಖ ಬಿಗಿದುಕೊಂಡಿತ್ತು. ಮೇಜಿನ ಮೇಲಿನ ತಟ್ಟೆಯಲ್ಲಿ ಒಂದೇ ಒಂದು ಹೋಳಿಗೆ ಉಳಿದಿತ್ತು. ತಪ್ಪೊಪ್ಪಿಗೆಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗದೆಂದು, "ನೀವು ತಗೊಳ್ಳಿ ಅಂಕಲ್," ಎಂದೆ.

ಅವರ ಮುಖ ಸಡಿಲಾಯಿತು. "ಛೆ ಛೆ, ಇವತ್ತು ನೀವೇ ತಗೋಬೇಕಮ್ಮಾ."

"ಇಲ್ಲ ಅಂಕಲ್, ನೀವು—"

ನಮ್ಮಿಬ್ಬರ ನಡುವೆ ಒಂದು ಮೊಣಕೈ ತೂರಿ ಬಂತು.

"ನಂದು," ಎಂದು ಸ್ಪಷ್ಟ ಕನ್ನಡದಲ್ಲಿ ಹೇಳಿ ಅಜ್ಜ ಹೋಳಿಗೆ ಎತ್ತಿಕೊಂಡರು. ಅಂಕಲ್ ಒಂದು ಕ್ಷಣ ಅವರನ್ನೇ ನೋಡಿ, ತುಪ್ಪದ ಬಟ್ಟಲನ್ನು ಅವರತ್ತ ಸರಿಸಿದರು.