ಐದು ಎಸಳಿನ ಬಾಗಿಲು

ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಜೀವಕೋಶದ ಪೊರೆ ಬರೆದು, ಅದರಲ್ಲಿ ಅಯಾನುಗಳು ಓಡಾಡುವ ಪ್ರೋಟೀನಿನ ಬಾಗಿಲುಗಳನ್ನು ಕೂರಿಸುತ್ತೇನೆ. ಕೆಲವು ವಿದ್ಯುತ್ತು ಬದಲಾದರೆ ತೆರೆಯುತ್ತವೆ, ಕೆಲವು ಯಾವುದೋ ರಾಸಾಯನಿಕ ಬಂದು ಅಂಟಿದರೆ. ಸೋಡಿಯಂ ಬಿಡುವ ಬಾಗಿಲು ಕ್ಲೋರೈಡನ್ನು ಬಿಡದು. ಎರಡನೆಯ ಬಗೆಯಲ್ಲೊಂದು ಮನೆತನವಿದೆ: ಐದು ತುಂಡುಗಳು ಹೂವಿನ ಎಸಳಿನಂತೆ ಸುತ್ತ ನಿಂತು ನಡುವೆ ದಾರಿ ಬಿಡುತ್ತವೆ. ಇದನ್ನು ಕಲಿಸುವಾಗ ಮಾತ್ರ ನನ್ನ ಎದೆ ಹೊಡೆದುಕೊಂಡದ್ದಿಲ್ಲ. ಉಳಿದಂತೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸು ಹೋದವನು ನಾನು.

ಕಳೆದ ಬೇಸಿಗೆಯಲ್ಲಿ ರನ್ನ ಬೆಳಗಲಿಯ ಅಕ್ಕನ ಮನೆಗೆ ಹೋಗಿದ್ದೆ. ಅವರದು ಕುರಿ ಸಾಕುವ ಮನೆ. ಕುರಿ ಕಾಯುವ ಮುಧೋಳ ನಾಯಿಗೆ ಮೈತುಂಬ ಕಜ್ಜಿ. ಪಶುವೈದ್ಯರು ಬೆಳಿಗ್ಗೆ ಬಂದು ಇಂಜೆಕ್ಷನ್ ಕೊಟ್ಟು ಹೋದರು. ಮಧ್ಯಾಹ್ನ ನಾಯಿ ಬೇವಿನ ನೆರಳಿನಲ್ಲಿ ಕಾಲು ಚಾಚಿ ಬಿತ್ತು. ಅಕ್ಕ ಹಾಲಲ್ಲಿ ರೊಟ್ಟಿ ನೆನೆಸಿ ಇಟ್ಟಳು, ಮೂಸಲೂ ಇಲ್ಲ.

ಔಷಧದ ಖಾಲಿ ಬಾಟಲಿಯ ಮೇಲಿನ ಹೆಸರು ಓದಿದೆ. ಆ ಔಷಧ ಕಜ್ಜಿಹುಳುಗಳ ನರದಲ್ಲಿರುವ ಐದೆಸಳಿನ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಕ್ಲೋರೈಡ್ ನುಗ್ಗಿ ನರ ಸ್ತಬ್ಧವಾಗಿ ಹುಳು ಸೋತು ಸಾಯುತ್ತದೆ. ನಾಯಿಗೆ ಆ ಬಾಗಿಲಿಲ್ಲ. ಆದರೆ ಅದೇ ಮನೆತನದ ಇನ್ನೊಂದು ಅದರ ಮಿದುಳಿನಲ್ಲಿದೆ. ಸಾಮಾನ್ಯವಾಗಿ ಔಷಧ ಮಿದುಳನ್ನು ಮುಟ್ಟದು; ಕೆಲವು ತಳಿಗಳಲ್ಲಿ ಮುಟ್ಟುತ್ತದೆ. ಮುಧೋಳ ತಳಿಯಲ್ಲಿ? ನನಗೆ ಗೊತ್ತಿರಲಿಲ್ಲ.

ವೈದ್ಯರಿಗೆ ಫೋನ್ ಹಚ್ಚಿದೆ. “ತೂಕ ನೋಡೇ ಕೊಟ್ಟೇನ್ರೀ. ಕಣ್ಣಿನ ಪಾಪಿ ದೊಡ್ಡದಾಗಿ, ನಡಿಯಾಗ ತೂರಾಡಿದ್ರ ಹೇಳ್ರಿ,” ಎಂದರು. ಮೊಬೈಲಿನ ಬೆಳಕು ಬಿಟ್ಟು ಮತ್ತೆ ಮತ್ತೆ ಪಾಪೆ ನೋಡಿದೆ. ಕುಗ್ಗಿತು ಅನಿಸುತ್ತಿತ್ತು, ನಂಬಿಕೆ ಬರುತ್ತಿರಲಿಲ್ಲ.

“ಏನ್ ಹುಡುಕಾಕತ್ತೀರಿ ಮಾಸ್ತರ?” ಅಕ್ಕನ ಗಂಡ, ನಮ್ಮ ಮಾವ, ಕೇಳಿದರು.

ಹುಳುವಿನ ಬಾಗಿಲು, ನಾಯಿಯ ಬಾಗಿಲು ಎರಡೂ ಒಂದೇ ಬಳಗ ಎಂದೆ.

“ಬಳಗ ಅಂದ್ರ ಎಲ್ಲಾರೂ ಒಂದ ಥರ ಇರ್ತಾರೇನ್ರೀ? ನೀವೂ ನಿಮ್ಮಕ್ಕಾನೂ ಒಂದ ಹೊಟ್ಟ್ಯಾಗ ಹುಟ್ಟೀರಿ. ಆಕಿ ಹುಲಿ.”

“ಮತ್ತ ನಾ?”

ಮಾವ ಕುರಿದೊಡ್ಡಿಯ ಕಡೆ ನೋಡಿದರು. ಆದರೆ ನಾಯಿಯ ಪಕ್ಕೆಯ ಮೇಲಿಟ್ಟ ಅವರ ಕೈ ಆಗಿನಿಂದ ಕದಲಿರಲಿಲ್ಲ.

ಇನ್ನೊಮ್ಮೆ ಬೆಳಕು ಬಿಟ್ಟೆ. ನಾಯಿ ಹಲ್ಲು ತೋರಿಸಿ ಗುರ್ ಎಂದಿತು, ಎದ್ದಿತು, ತೂರಾಡದೆ ನೆಟ್ಟಗೆ ನಡೆದು ಬಂಡಿಯ ಕೆಳಗೆ ಹೋಗಿ ಮಲಗಿತು.

“ಅದಕ್ಕೇನೂ ಆಗಿಲ್ಲೋ ತಮ್ಮಾ,” ಅಕ್ಕ ಅಂದಳು. “ರಾತ್ರೆಲ್ಲಾ ಕುರಿ ಕಾಯ್ದೈತಿ. ನಿದ್ದಿ ಮಾಡಾಕರ ಬಿಡು.”

ಮಾವ ಕೈ ಝಾಡಿಸಿ ಎದ್ದರು. ಹಾಲುರೊಟ್ಟಿಯನ್ನು ನಾನೇ ಬಂಡಿಯ ಬಳಿಗೆ ಒಯ್ದಿಟ್ಟೆ. ನನ್ನೆದುರು ಅದು ಮುಟ್ಟಲಿಲ್ಲ. ಗೋಡೆಯ ಮರೆಗೆ ಸರಿದು ನಿಂತ ಮೇಲೆ ಲೊಚಲೊಚ ಸದ್ದು ಕೇಳಿಸಿತು.