ಕರೆಂಟ್ ಇಟ್ಟ ಮೇಲಿನ ಮೂರು ಗಂಟೆ

ಸೊಂಟದ ನೋವಿಗೆ ಕರೆಂಟ್ ಇಡಿಸಿಕೊಳ್ಳಲು ವಾರಕ್ಕೆ ಮೂರು ದಿನ ರಾಜಗೋಪಾಲನಗರದ ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಜೊತೆಗೆ ನಮ್ಮ ಯಜಮಾನರು. ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನಗಿನ್ನೂ ನಿವೃತ್ತಿ ಬಂದಿಲ್ಲ.

ಅಲ್ಲಿ ಬೋರಲು ಮಲಗಿಸಿ, ಸೊಂಟಕ್ಕೆ ನಾಲ್ಕು ಪ್ಯಾಡ್ ಅಂಟಿಸಿ, ಫಿಸಿಯೋಥೆರಪಿ ಹುಡುಗಿ ಗುಂಡಿ ತಿರುಗಿಸುತ್ತಿದ್ದಳು.

"ಇರುವೆ ಹರಿದಂಗೆ ಆಗ್ತಿದ್ಯಾ ಅಜ್ಜಿ?"

"ಗೂಡೇ ಎದ್ದೈತಿ ಕಣವ್ವ. ಸಾಕು, ನಿಲ್ಸು."

ಇಪ್ಪತ್ತು ನಿಮಿಷ ಚುಮುಚುಮು. ಆಮೇಲೆ ನೋವು ಹೋಗುತ್ತಿತ್ತೆಂದಲ್ಲ, ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಆ ಹೊತ್ತಿನ ಮೇಲೆ ನನ್ನ ಕಣ್ಣು. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಆಗಷ್ಟೇ ಕಲಿಸಿದ್ದಳು. ನೆಟ್ಟಗೆ ಕೂತು ನನ್ನ ಬದುಕನ್ನು ಬರೆಯಬೇಕೆಂಬ ಆಸೆ. ಉಳಿದ ಹೊತ್ತಿನಲ್ಲಿ ಹತ್ತು ನಿಮಿಷವೂ ಕೂರಲಾಗುತ್ತಿರಲಿಲ್ಲ.

ಒಂದು ದಿನ ಯಜಮಾನರು ಕೇಳಿದರು: "ಮೇಡಂ, ಇದು ನೋವ್ನ ಎಷ್ಟೊತ್ತು ತಡೀತೈತಿ?"

"ಮೂರು ಗಂಟೆ ಇರ್ಬೋದು ಸಾರ್."

ಅವರು ವಾಚು ನೋಡಿಕೊಂಡರು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮನೆಗೆ ಬಂದು ಫೋನ್ ಹಿಡಿದೆ. "ಏ, ಮೂರು ಗಂಟೆ ಐತಲ್ಲ, ನಾಕು ರೊಟ್ಟಿ ತಟ್ಟಿಬಿಡು" ಎಂದರು. ತಟ್ಟಿದೆ. ಮುಂದಿನ ಸಲ ರೊಟ್ಟಿಯ ಜೊತೆ ಬೆಡ್‌ಶೀಟು ಒಗೆಯುವುದು. ಅದರ ಮುಂದಿನ ಸಲ ಅಟ್ಟದ ಡಬ್ಬಗಳನ್ನು ಇಳಿಸಿ ತೊಳೆಯುವುದು. ಫೋನಿನಲ್ಲಿ ನಾನು ಹುಟ್ಟಿದ ಊರಿನ ಹೆಸರು ಬಿಟ್ಟರೆ ಏನೂ ಇರಲಿಲ್ಲ.

"ರೀ, ಆ ಮೂರು ಗಂಟೆ ನಂದು" ಎಂದೆ.

"ಕರ್ಕೊಂಡು ಹೋಗಿ ಬರೋನು ನಾನು."

ನೋವು ಕಡಿಮೆಯಾಗಿಲ್ಲವೆಂದರೆ ಕೆಲಸ ಹಚ್ಚುವುದಿಲ್ಲ ಎಂದು ನನ್ನ ಬುದ್ಧಿ ಓಡಿತು. ಅವರೆದುರಿಗೇ ಆ ಹುಡುಗಿಗೆ, "ಎಳ್ಳಷ್ಟೂ ಕಮ್ಮಿ ಆಗಿಲ್ಲವ್ವ" ಎಂದು ಮುಖ ಕಿವುಚಿದೆ. ಮೂರು ಸಲ ಹಾಗೇ ನಟಿಸಿದೆ. ನಾಲ್ಕನೆಯ ಸಲ ಅವಳು ಪ್ಯಾಡ್ ಹಚ್ಚಲೇ ಇಲ್ಲ.

"ಅಜ್ಜಿಗೆ ಕರೆಂಟಿಂದ ಉಪಯೋಗ ಆಗ್ತಿಲ್ಲ ಸಾರ್. ನಿಲ್ಲಿಸ್ಬಿಡೋಣ. ಮನೇಲಿ ವ್ಯಾಯಾಮ ಮಾಡ್ಲಿ."

"ನಾನು ಮೊದ್ಲೇ ಹೇಳಿದ್ದೆ, ಇದೆಲ್ಲ ದಂಡ ಅಂತ" ಎಂದು ಯಜಮಾನರು ಎದ್ದೇಬಿಟ್ಟರು.

ನಿಜ ಹೇಳಬಹುದಿತ್ತು. ಹೇಳಿದರೆ ಕರೆಂಟು ನನಗೆ, ಮೂರು ಗಂಟೆ ಅವರಿಗೆ. ಅವರ ಹಿಂದೆಯೇ ಆಟೋ ಹತ್ತಿದೆ.

ಈಗ ಮಗ್ಗುಲಾಗಿ ಮಲಗಿ ಒಂದೊಂದೇ ಅಕ್ಷರ ಒತ್ತುತ್ತೇನೆ. ಇಷ್ಟು ಬರೆಯಲು ಒಂಬತ್ತು ದಿನ ಹಿಡಿಯಿತು. ಪಕ್ಕದ ಕೋಣೆಯಿಂದ ಯಜಮಾನರು ಚಹಾ ಕೇಳುತ್ತಿದ್ದಾರೆ. ಏಳೋಕೆ ಆಗಲ್ಲ ಎಂದೆ. ಈ ಸಲ ಸುಳ್ಳಲ್ಲ.